ಪಿಎಂಯು ಹೇಳುವ ಕೋನ ನಂಬಬಹುದೇ? ಸಬ್‌ಸ್ಟೇಷನ್ ಪ್ಯಾನೆಲ್‌ನಿಂದ ಗ್ರಿಡ್ ಸ್ಥಿರತೆಯ ಪರದೆವರೆಗೆ

ಸ್ಟೇಷನ್‌ಗಳನ್ನು ದೂರದಿಂದ ನೋಡಿ ನಿಯಂತ್ರಿಸುವ ಸ್ಕಾಡಾ ಪರದೆಯಲ್ಲಿ ಬಸ್‌ಬಾರ್ (ಲೈನ್‌ಗಳೆಲ್ಲ ಬಂದು ಸೇರುವ ವಾಹಕ) ವೋಲ್ಟೇಜ್ ಇದೆ, ಲೈನಿನ ಮೆಗಾವ್ಯಾಟ್ ಇದೆ, ಬ್ರೇಕರ್ ತೆರೆದಿದೆಯೋ ಮುಚ್ಚಿದೆಯೋ ಎಂಬುದೂ ಇದೆ. ಇಲ್ಲದಿರುವುದು ಕೋನ, ಅಂದರೆ ಒಂದು ಕಡೆಯ ವೋಲ್ಟೇಜ್ ಅಲೆ ಇನ್ನೊಂದು ಕಡೆಯದಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಇದೆ ಎಂಬುದು. ಕೆಲವು ಸೆಕೆಂಡಿಗೊಮ್ಮೆ, ಒಂದೊಂದು ಸ್ಟೇಷನ್ನಿನಿಂದ ಒಂದೊಂದು ಗಳಿಗೆಯಲ್ಲಿ ಬರುವ ಅಳತೆಗಳನ್ನು ಜೋಡಿಸಿ ಎರಡು ಬಸ್‌ಬಾರ್‌ಗಳ ನಡುವೆ ಎಷ್ಟು ಡಿಗ್ರಿ ಅಂತರವಿದೆ ಎಂದು ನೇರವಾಗಿ ಅಳೆಯಲಾಗದು. ಗ್ರಿಡ್ ಎಷ್ಟು ಬಿಗಿಯಾಗಿ ಎಳೆದು ನಿಂತಿದೆ ಎಂಬುದನ್ನು ಹೇಳುವುದು ಆ ಅಂತರವೇ. ಅದನ್ನು ಅಳೆಯಲು ಎಲ್ಲ ಸ್ಟೇಷನ್‌ಗಳೂ ಒಂದೇ ಗಡಿಯಾರ ನೋಡಿಕೊಂಡು ಒಂದೇ ಕ್ಷಣದ ಫೇಸರ್ (ಅಲೆಯ ಗಾತ್ರ ಮತ್ತು ಕೋನದ ಜೋಡಿ) ಕಳಿಸಬೇಕು. ಆ ಕೆಲಸ ಮಾಡುವ ಪೆಟ್ಟಿಗೆಯೇ ಫೇಸರ್ ಮೆಷರ್‌ಮೆಂಟ್ ಯೂನಿಟ್, ಚಿಕ್ಕದಾಗಿ ಪಿಎಂಯು.

ಮೊದಲ ಪಿಎಂಯು ರೂಪುಗೊಂಡದ್ದು 1988ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ, ಅರುಣ್ ಫಡ್ಕೆ ಮತ್ತು ಜೇಮ್ಸ್ ಥಾರ್ಪ್ ಅವರ ಕೈಯಲ್ಲಿ. ಫಡ್ಕೆ ಹುಟ್ಟಿದ್ದು ಗ್ವಾಲಿಯರ್‌ನಲ್ಲಿ. 2012ರ ಜುಲೈ 30ರ ಬೆಳಗಿನ ಜಾವ 2:33ಕ್ಕೆ ಉತ್ತರ ಗ್ರಿಡ್ ಕುಸಿಯಲು ಶುರುವಾದದ್ದು 400 ಕೆವಿ ಬೀನಾ–ಗ್ವಾಲಿಯರ್ ಲೈನ್ ಟ್ರಿಪ್ ಆದಾಗ. ಫಾಲ್ಟ್ ಏನೂ ಇರಲಿಲ್ಲ, ಮಿತಿಮೀರಿದ ಲೋಡನ್ನೇ ಲೈನ್ ಕಾಯುವ ಡಿಸ್ಟೆನ್ಸ್ ರಿಲೇಯ ಝೋನ್-3 (ದೂರದ ಫಾಲ್ಟ್‌ಗೆಂದು ಇರುವ ಹಿಂಬದಿ ರಕ್ಷಣೆ) ಫಾಲ್ಟ್ ಎಂದು ಓದಿತ್ತು. ದಕ್ಷಿಣದ ಗ್ರಿಡ್ ಆಗ ಸಿಂಕ್ರೊನಸ್ ಆಗಿ ಸೇರಿರಲಿಲ್ಲವಾದ್ದರಿಂದ ಕರ್ನಾಟಕದಲ್ಲಿ ದೀಪ ಆರಲಿಲ್ಲ. 2013ರ ಡಿಸೆಂಬರ್ 31ರಂದು 765 ಕೆವಿ ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ಇಡೀ ದೇಶ ಒಂದೇ ಫ್ರೀಕ್ವೆನ್ಸಿಗೆ ಬಂತು. ಅಂದಿನಿಂದ ಉತ್ತರದ ತೂಗಾಟ (ವಿದ್ಯುತ್ ಹರಿವು, ಕೋನಗಳ ಏರಿಳಿತ) ನಮ್ಮ ಬಸ್‌ಬಾರ್‌ಗೂ ಬರುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಒಂದು 400/220 ಕೆವಿ ಸ್ಟೇಷನ್. ಓದುವವರಿಗೆ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್), ಪಿಟಿ (ವೋಲ್ಟೇಜ್ ಅಳೆಯುವ ಟ್ರಾನ್ಸ್‌ಫಾರ್ಮರ್), ರಿಲೇ ಪ್ಯಾನೆಲ್ ಪರಿಚಯ ಇದೆ ಎಂದುಕೊಂಡಿದೆ.

ಹಂತ 1: ಏನನ್ನು ಅಳೆಯಬೇಕು

ಎರಡೂ 400 ಕೆವಿ ಬಸ್‌ಬಾರ್‌ಗಳ ವೋಲ್ಟೇಜ್ ಮೂರೂ ಫೇಸ್, ಮುಖ್ಯವಾದ ಪ್ರತಿ ಲೈನಿನ ಕರೆಂಟ್ ಮೂರೂ ಫೇಸ್. ಇಷ್ಟು ಸಾಕು. ಪಾಸಿಟಿವ್ ಸೀಕ್ವೆನ್ಸ್ (ಮೂರೂ ಫೇಸ್‌ಗಳಿಂದ ಲೆಕ್ಕಹಾಕಿ ತೆಗೆಯುವ ಸಮತೋಲಿತ ಭಾಗ) ಒಂದನ್ನೇ ಕಳಿಸಿದರೆ ಬ್ಯಾಂಡ್‌ವಿಡ್ತ್ ಉಳಿಯುತ್ತದೆ ನಿಜ. ಆದರೆ ಆರ್-ವೈ-ಬಿ ವೈರ್ ಅದಲುಬದಲಾದದ್ದನ್ನು ಮುಂದೆ ಹಿಡಿಯಬೇಕಾದರೆ ಪ್ರತಿ ಫೇಸೂ ಬೇಕು. ಇಲ್ಲಿ ಜಿಪುಣತನ ಬೇಡ.

ಸಿಟಿಯ ಕೋರ್ ಆಯ್ಕೆಯಲ್ಲಿ ಒಂದು ಇಕ್ಕಟ್ಟಿದೆ. 0.2 ಕ್ಲಾಸ್ ಮೀಟರಿಂಗ್ ಕೋರ್‌ನ ಕೋನ ದೋಷ ಪೂರ್ಣ ಕರೆಂಟಿನಲ್ಲಿ 10 ಮಿನಿಟ್ ಒಳಗೆ, ಅಂದರೆ ಡಿಗ್ರಿಯ ಆರನೇ ಒಂದು ಪಾಲು. 5ಪಿ ಪ್ರೊಟೆಕ್ಷನ್ ಕೋರ್‌ನದು 60 ಮಿನಿಟ್, ಒಂದು ಪೂರ್ತಿ ಡಿಗ್ರಿ. ಹಾಗೆಂದು ಮೀಟರಿಂಗ್ ಕೋರ್ ಹಾಕಿದರೆ ಫಾಲ್ಟ್ ಬಂದಾಗ ಅದು ಸ್ಯಾಚುರೇಟ್ ಆಗುತ್ತದೆ. ಮೀಟರ್ ಸುಟ್ಟುಹೋಗದಿರಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ವೋಲ್ಟೇಜಿಗೆ 0.2 ಕ್ಲಾಸ್ ವೈಂಡಿಂಗ್, ಕರೆಂಟಿಗೆ ಪ್ರೊಟೆಕ್ಷನ್ ಕೋರ್ ತೆಗೆದುಕೊಳ್ಳಿ. ಸ್ಥಿರತೆ ನೋಡಲು ಬೇಕಾದ ಕೋನ ವೋಲ್ಟೇಜಿನದು. ಕರೆಂಟಿನ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೂ ತೂಗಾಟದ ಆಕಾರ ಕೆಡುವುದಿಲ್ಲ.

ಬರ್ಡನ್, ಅಂದರೆ ಸಿಟಿಯ ಸೆಕೆಂಡರಿ ಹೊರಬೇಕಾದ ಹೊರೆಯ ಲೆಕ್ಕ ಬಿಡಬೇಡಿ. 2.5 ಚದರ ಮಿಮೀ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಸ್ವಿಚ್‌ಯಾರ್ಡ್‌ನಿಂದ ಕಂಟ್ರೋಲ್ ರೂಮಿಗೆ 100 ಮೀಟರ್ ದೂರವಿದ್ದರೆ ಹೋಗಿಬರುವ 200 ಮೀಟರಿಗೆ 1.5 ಓಮ್, 1 ಆಂಪಿಯರ್ ಸಿಟಿಗೆ 1.5 ವಿಎ. ಅದೇ 5 ಆಂಪಿಯರ್ ಆಗಿದ್ದರೆ 37 ವಿಎ. ಪಿಎಂಯು ತಾನೇ ತಿನ್ನುವುದು ತೀರಾ ಕಡಿಮೆ, ತಂತಿಯದೇ ಭಾರ.

ಸಿಟಿ ಸರ್ಕ್ಯೂಟನ್ನು ರಿಲೇಯೊಂದಿಗೆ ಸರಣಿಯಲ್ಲಿ ಸೇರಿಸುವಾಗ ಮೊದಲು ಟೆಸ್ಟ್ ಟರ್ಮಿನಲ್ ಬ್ಲಾಕ್‌ನಲ್ಲಿ ಶಾರ್ಟಿಂಗ್ ಲಿಂಕ್ ಹಾಕಿ, ಕ್ಲ್ಯಾಂಪ್ ಮೀಟರ್ ಹಿಡಿದು ಕರೆಂಟ್ ಲಿಂಕ್‌ನಲ್ಲೇ ಹರಿಯುತ್ತಿದೆ ಎಂದು ಖಚಿತ ಮಾಡಿಕೊಂಡು, ಆಮೇಲೆ ವೈರ್ ಬಿಚ್ಚಿ. ಲೋಡಿನಲ್ಲಿರುವ ಸಿಟಿಯ ಸೆಕೆಂಡರಿ ತೆರೆದರೆ ಸಾವಿರಾರು ವೋಲ್ಟ್ ಏಳುತ್ತದೆ, ಜೀವ ಹೋಗುತ್ತದೆ. ಪಿಟಿ ಸೆಕೆಂಡರಿಗೆ ಇದರ ತದ್ವಿರುದ್ಧ: ಅದನ್ನು ಎಂದೂ ಶಾರ್ಟ್ ಮಾಡಬಾರದು.

ಹಂತ 2: ಗಡಿಯಾರ

ಎಲ್ಲ ತಪ್ಪುಗಳ ತವರು ಇದೇ. 50 ಹರ್ಟ್ಸ್‌ನಲ್ಲಿ ಒಂದು ಸುತ್ತು 20 ಮಿಲಿಸೆಕೆಂಡ್, ಅಂದರೆ 360 ಡಿಗ್ರಿ. ಆದ್ದರಿಂದ:

- 1 ಮೈಕ್ರೋಸೆಕೆಂಡ್ ತಪ್ಪಿದರೆ 0.018 ಡಿಗ್ರಿ
- 31.8 ಮೈಕ್ರೋಸೆಕೆಂಡ್ ತಪ್ಪಿದರೆ 0.573 ಡಿಗ್ರಿ. ಪಿಎಂಯುಗಳ ಮಾನದಂಡವಾದ ಐಇಇಇ ಸಿ37.118 ಕೊಡುವ ಒಟ್ಟು ವೆಕ್ಟರ್ ದೋಷದ (ಗಾತ್ರ, ಕೋನ ಎರಡರ ತಪ್ಪೂ ಸೇರಿದ್ದು) ಮಿತಿ 1 ಪ್ರತಿಶತ. ಅದಷ್ಟೂ ಇಲ್ಲಿಗೇ ಮುಗಿಯಿತು
- 1 ಮಿಲಿಸೆಕೆಂಡ್ ತಪ್ಪಿದರೆ 18 ಡಿಗ್ರಿ

ಈ ಗಡಿಯಾರಕ್ಕೆ ಸಮಯ ತರುವ ಜಿಪಿಎಸ್ ಆಂಟೆನಾವನ್ನು ಆಕಾಶ ಎಲ್ಲ ಕಡೆಯಿಂದ ಕಾಣುವಂತೆ ಛಾವಣಿಯ ಮೇಲೆ ಕೂರಿಸಿ, ಆದರೆ ಮಿಂಚು ಅದನ್ನೇ ಮೊದಲು ಹುಡುಕಿಕೊಂಡು ಬರುವಷ್ಟು ಎತ್ತರಕ್ಕೆ ಬೇಡ. ಕೇಬಲ್ ಒಳಬರುವಲ್ಲಿ ಸರ್ಜ್ ಅರೆಸ್ಟರ್ ಇರಲಿ. ಕೋಆಕ್ಸ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಡ. 50 ಮೀಟರಿಗೆ 250 ನ್ಯಾನೋಸೆಕೆಂಡ್. ರಿಸೀವರ್‌ನಲ್ಲಿ ಈ ಅಂಕಿ ತುಂಬಿಸುವುದು ಒಳ್ಳೆಯ ಅಭ್ಯಾಸ, ತುಂಬಿಸದಿದ್ದರೂ ಆಕಾಶ ಕಳಚಿ ಬೀಳುವುದಿಲ್ಲ. ಕೇಬಲ್ ಉದ್ದಕ್ಕಿಂತ ಕನೆಕ್ಟರ್‌ಗೆ ನೀರಿಳಿಯುವುದು ದೊಡ್ಡ ತೊಂದರೆ: ಮಳೆಗಾಲದಲ್ಲಿ ಮಾತ್ರ ಜಿಪಿಎಸ್ ಲಾಕ್ ತಪ್ಪುತ್ತಿದ್ದರೆ ಅಲ್ಲೇ ನೋಡಿ.

ರಿಸೀವರ್‌ನಿಂದ ಪಿಎಂಯುಗೆ ಮಾಡ್ಯುಲೇಟ್ ಆಗದ ಐರಿಗ್-ಬಿ (ತಂತಿಯಲ್ಲಿ ಸಮಯ ಕಳಿಸುವ ಪದ್ಧತಿ) ಸಂಕೇತ ಕೊಡಿ. ಇಲ್ಲವೇ ನೆಟ್‌ವರ್ಕ್ ಮೂಲಕ ನಿಖರ ಸಮಯ ಕೊಡುವ ಪಿಟಿಪಿ ಇದ್ದರೆ ದಾರಿಯಲ್ಲಿರುವ ಎಲ್ಲ ಸ್ವಿಚ್‌ಗಳೂ ಪಿಟಿಪಿ ಬಲ್ಲವೇ ಆಗಿರಬೇಕು. ಮಾಡ್ಯುಲೇಟ್ ಆದ ಐರಿಗ್-ಬಿ ಈ ಕೆಲಸಕ್ಕೆ ಸಾಲದು. ಕಂಪ್ಯೂಟರ್‌ಗಳು ಸಮಯಕ್ಕೆ ಬಳಸುವ ಎನ್‌ಟಿಪಿಯಂತೂ ಮಿಲಿಸೆಕೆಂಡಿನ ಲೋಕದ್ದು, ಇತ್ತ ತರಲೇಬೇಡಿ. ಸಮಯ ಯುಟಿಸಿಯಲ್ಲಿ (ವಿಶ್ವ ಸಮಯದಲ್ಲಿ) ಇರಲಿ. ಭಾರತೀಯ ಕಾಲಮಾನ ಹಾಕಿಬಿಟ್ಟರೆ ಐದೂವರೆ ಗಂಟೆ ಮುಂದಿನ ಫ್ರೇಮ್‌ಗಳು (ಅಳತೆಯ ಕಂತೆಗಳು) ಬಂದು, ಪಿಡಿಸಿ (ಹಲವು ಪಿಎಂಯುಗಳ ಫ್ರೇಮ್‌ಗಳನ್ನು ಸಮಯಕ್ಕೆ ಸರಿಯಾಗಿ ಜೋಡಿಸುವ ಫೇಸರ್ ಡೇಟಾ ಕಾನ್ಸಂಟ್ರೇಟರ್) ಅವನ್ನು ಸದ್ದಿಲ್ಲದೆ ಎಸೆಯುತ್ತದೆ. ಪಿಎಂಯು ಕಳಿಸುತ್ತಿದೆ, ಲಿಂಕ್ ಸರಿಯಿದೆ, ಪರದೆ ಮಾತ್ರ ಖಾಲಿ ಎಂಬ ದೂರಿಗೆ ಕಾರಣ ಬಹಳ ಸಲ ಇದೇ.

ಜಿಪಿಎಸ್ ಹೋದಾಗ ಪಿಎಂಯು ತನ್ನ ಒಳಗಿನ ಹರಳಿನ ಮೇಲೆ ಓಡುತ್ತದೆ. ದಶಲಕ್ಷಕ್ಕೆ ಒಂದು ಪಾಲು ತಪ್ಪುವ ಹರಳಾದರೆ ಸೆಕೆಂಡಿಗೆ ಒಂದು ಮೈಕ್ರೋಸೆಕೆಂಡ್ ಜಾರುತ್ತದೆ, ಅಂದರೆ ಅರ್ಧ ನಿಮಿಷದಲ್ಲೇ ಮಿತಿ ಮೀರಿತು. ಬಿಸಿಪೆಟ್ಟಿಗೆಯಲ್ಲಿಟ್ಟ ಒಳ್ಳೆಯ ಹರಳು ಅದಕ್ಕಿಂತ ಸಾವಿರಪಟ್ಟು ಸ್ಥಿರವಾಗಿದ್ದರೆ ಗಂಟೆಗೆ 3.6 ಮೈಕ್ರೋಸೆಕೆಂಡ್, ಆಂಟೆನಾ ಬದಲಿಸಲು ಎಂಟು ಗಂಟೆಗೂ ಹೆಚ್ಚು ಸಿಕ್ಕಿತು. ಖರೀದಿಯ ಪಟ್ಟಿಯಲ್ಲಿ ಈ ಒಂದು ಸಾಲು ಬರೆದಿಡಿ.

ಗಡಿಯಾರ ಜಾರುತ್ತಿರುವುದು ಪರದೆಯ ಮೇಲೆ ಹೇಗೆ ಕಾಣುತ್ತದೆ? ಆ ಸ್ಟೇಷನ್ನಿನ ಕೋನ ಉಳಿದೆಲ್ಲ ಸ್ಟೇಷನ್‌ಗಳಿಂದ ನಿಧಾನವಾಗಿ ದೂರ ಸರಿಯುತ್ತದೆ, ಆದರೆ ಅಲ್ಲಿನ ಲೈನ್‌ಗಳ ಮೆಗಾವ್ಯಾಟ್ ಇದ್ದಲ್ಲೇ ಇರುತ್ತದೆ. ವೋಲ್ಟೇಜನ್ನೂ ಕರೆಂಟನ್ನೂ ಅಳೆಯುವುದು ಅದೇ ಕೆಟ್ಟ ಗಡಿಯಾರವೇ ಆದ್ದರಿಂದ ಅವೆರಡರ ನಡುವಿನ ಅಂತರ ಕೆಡದು, ಮೆಗಾವ್ಯಾಟ್ ಲೆಕ್ಕವೂ ಕೆಡದು. ಕೋನ ಹಿಗ್ಗಿ ಮೆಗಾವ್ಯಾಟ್ ಕದಲದಿದ್ದರೆ ಮೊದಲು ಗಡಿಯಾರ ನೋಡಿ, ಆಮೇಲೆ ಗ್ರಿಡ್.

ಇನ್ನೊಂದು ಕಳ್ಳ ತಪ್ಪು ಲೀಪ್ ಸೆಕೆಂಡಿನದು (ಯುಟಿಸಿಗೆ ಅಪರೂಪಕ್ಕೊಮ್ಮೆ ಸೇರಿಸುವ ಒಂದು ಸೆಕೆಂಡ್). ಒಂದಿಡೀ ಸೆಕೆಂಡ್ ತಪ್ಪಿದ್ದರೆ, ಫ್ರೀಕ್ವೆನ್ಸಿ ಸರಿಯಾಗಿ 50.00 ಇರುವಾಗ ಕೋನ ಸರಿಯಾಗಿಯೇ ಕಾಣುತ್ತದೆ: 50 ಸುತ್ತು ಪೂರ್ತಿ ಮುಗಿದಿರುತ್ತದಲ್ಲ. 49.97ಕ್ಕೆ ಇಳಿದೊಡನೆ 10.8 ಡಿಗ್ರಿ ದೋಷ. ಕೋನದ ಅಂತರ ಫ್ರೀಕ್ವೆನ್ಸಿಯ ಗೆರೆಯನ್ನೇ ನಕಲು ಮಾಡಿದಂತೆ ಏರಿಳಿಯುತ್ತಿದ್ದರೆ ಇದೇ ರೋಗ.

ಹಂತ 3: ಪಿಎಂಯು ಸೆಟ್ಟಿಂಗ್

ಫ್ರೇಮ್ ದರ ಸೆಕೆಂಡಿಗೆ 25. ನಮ್ಮ ದೇಶದ ವ್ಯವಸ್ಥೆ ಇರುವುದು ಇದಕ್ಕೇ. ಪಿಎಂಯು ಫಿಲ್ಟರ್‌ನಲ್ಲಿ ಎರಡು ಬಗೆ: ವೀಕ್ಷಣೆಗಾದರೆ ಎಂ ಕ್ಲಾಸ್, ವೇಗದ ಸ್ವಯಂಚಾಲಿತ ನಿಯಂತ್ರಣಕ್ಕಾದರೆ ಪಿ ಕ್ಲಾಸ್. ಎಂ ಕ್ಲಾಸಿನ ಫಿಲ್ಟರ್ ಉದ್ದ, ತಡವೂ ಹೆಚ್ಚು. ಆದರೆ ಮೇಲಿನ ಆವರ್ತನಗಳು ಮಡಚಿಕೊಂಡು ಕೆಳಗೆ ಬಂದು ಕೂರದಂತೆ ತಡೆಯುವುದು ಅದೇ. ಒಂದೇ ಪರದೆಯಲ್ಲಿ ಎರಡನ್ನೂ ಬೆರೆಸಿದರೆ ಟ್ರಿಪ್ ಆದ ಕ್ಷಣದ ಗೆರೆಗಳು ಬೇರೆಬೇರೆ ಆಕಾರದಲ್ಲಿ ಕಾಣುತ್ತವೆ. ಅದು ಗ್ರಿಡ್‌ನ ಗುಣವಲ್ಲ, ಫಿಲ್ಟರ್‌ನದು.

ಸಂಖ್ಯೆಗಳನ್ನು ಫ್ಲೋಟಿಂಗ್ ಪಾಯಿಂಟ್‌ನಲ್ಲೇ ಕಳಿಸಿ. 16 ಬಿಟ್ ಪೂರ್ಣಾಂಕವಾದರೆ ಫ್ರೀಕ್ವೆನ್ಸಿ 50ರಿಂದ ಎಷ್ಟು ಮಿಲಿಹರ್ಟ್ಸ್ ದೂರ ಎಂದು ಬರುತ್ತದೆ. ಫ್ಲೋಟಿಂಗ್ ಆದರೆ ನೇರವಾಗಿ ಹರ್ಟ್ಸ್. ಈ ವ್ಯತ್ಯಾಸ ಮರೆತ ಸಾಫ್ಟ್‌ವೇರ್ ಮೈನಸ್ 30 ಹರ್ಟ್ಸ್ ತೋರಿಸುತ್ತದೆ. ಚಾನೆಲ್ ಹೆಸರಿಗೆ ಸಾಮಾನ್ಯ ಕಾನ್ಫಿಗರೇಷನ್ ಫ್ರೇಮ್‌ನಲ್ಲಿ 16 ಅಕ್ಷರ ಮಾತ್ರ ಜಾಗ. ಸ್ಟೇಷನ್, ಕೆವಿ, ಫೀಡರ್, ಫೇಸ್ ಎಂಬ ಕ್ರಮವನ್ನು ಮೊದಲೇ ಗೊತ್ತುಮಾಡಿ ಎಲ್ಲೆಡೆ ಅದನ್ನೇ ಬಳಸಿ.

ಹಂತ 4: ಕಮಿಷನಿಂಗ್

ಸೆಕೆಂಡರಿ ಇಂಜೆಕ್ಷನ್ ಕಿಟ್‌ನಿಂದ 63.5 ವೋಲ್ಟ್, 1 ಆಂಪಿಯರ್, 50 ಹರ್ಟ್ಸ್ ಕೊಡಿ. ಕಿಟ್‌ಗೂ ಜಿಪಿಎಸ್ ಲಾಕ್ ಇರಬೇಕು; ಇಲ್ಲದಿದ್ದರೆ ಪರೀಕ್ಷೆಯಾಗುವುದು ಗಾತ್ರ ಮಾತ್ರ, ಕೋನವಲ್ಲ. ಮಾನದಂಡದ ಪ್ರಕಾರ ಯುಟಿಸಿ ಸೆಕೆಂಡ್ ತಿರುಗುವ ಕ್ಷಣದಲ್ಲಿ ಅಲೆಯ ಶಿಖರ ಇದ್ದರೆ ಕೋನ 0. ಅಲೆ ಸೊನ್ನೆಯನ್ನು ಮೇಲ್ಮುಖವಾಗಿ ದಾಟುತ್ತಿದ್ದರೆ ಮೈನಸ್ 90. ಕಿಟ್ ಸೈನ್ ಲೆಕ್ಕದಲ್ಲಿದ್ದರೆ ಓದು ಸರಿಯಾಗಿ 90 ಡಿಗ್ರಿ ಪಕ್ಕಕ್ಕೆ ಬರುತ್ತದೆ. ಅದನ್ನು ತಪ್ಪೆಂದು ತಿಳಿದು ಪಿಎಂಯುನಲ್ಲಿ ಕೋನದ ತಿದ್ದುಪಡಿ ಹಾಕಬೇಡಿ, ಅದರಿಂದ ಆಗುವ ಗೊಂದಲ ವರ್ಷಗಟ್ಟಲೆ ಉಳಿಯುತ್ತದೆ.

ನಿಜವಾದ ಲೋಡ್ ಬಂದ ಮೇಲೆ ಪರದೆಯ ಅಂಕಿಗಳನ್ನು ಹೀಗೆ ಓದಿ:

- ಒಂದೇ ಬಸ್‌ಬಾರ್‌ನ ಎರಡು ಪಿಎಂಯು ನಡುವೆ 120 ಡಿಗ್ರಿ ಅಂತರವಿದ್ದರೆ ಮೂರೂ ಫೇಸ್ ಒಂದೊಂದು ಜಾಗ ಸರಿದಿವೆ.
- ಪಾಸಿಟಿವ್ ಸೀಕ್ವೆನ್ಸ್ ಸೊನ್ನೆಯಾಗಿ ನೆಗೆಟಿವ್ (ಉಲ್ಟಾ ಫೇಸ್ ಕ್ರಮದ್ದು) ಪೂರ್ತಿ ಬಂದಿದ್ದರೆ ಎರಡು ಫೇಸ್ ಅದಲುಬದಲು.
- ಮೆಗಾವ್ಯಾಟ್ ಗಾತ್ರ ಸರಿ, ಚಿಹ್ನೆ ಉಲ್ಟಾ: ಸಿಟಿ ಪೊಲಾರಿಟಿ.
- 30 ಡಿಗ್ರಿ ಅಂತರ: ನಡುವೆ ಸ್ಟಾರ್-ಡೆಲ್ಟಾ ಟ್ರಾನ್ಸ್‌ಫಾರ್ಮರ್ ಇದೆ, ಅದರ ಆಚೆ ಬದಿಯ ಪಿಟಿಯಿಂದ ಅಳೆಯುತ್ತಿದ್ದೀರಿ. 400/220 ಆಟೋ ಟ್ರಾನ್ಸ್‌ಫಾರ್ಮರ್ ಆದರೆ ಈ ಜಿಗಿತ ಇರುವುದಿಲ್ಲ.

ಕೊನೆಯ ಪರೀಕ್ಷೆಯೇ ಎಲ್ಲಕ್ಕಿಂತ ಗಟ್ಟಿ. ಲೈನಿನ ಎರಡೂ ತುದಿಯ ಕೋನದ ಅಂತರವನ್ನು ಕೈಲೆಕ್ಕದೊಂದಿಗೆ ಹೋಲಿಸಿ. ಕೋನದ ಸೈನ್ ಅಂದರೆ ಮೆಗಾವ್ಯಾಟನ್ನು ರಿಯಾಕ್ಟೆನ್ಸ್‌ನಿಂದ ಗುಣಿಸಿ, ಎರಡೂ ತುದಿಯ ಕೆವಿಗಳ ಗುಣಲಬ್ಧದಿಂದ ಭಾಗಿಸಿದ್ದು. 200 ಕಿಮೀ ಉದ್ದದ 400 ಕೆವಿ ಟ್ವಿನ್ ಮೂಸ್ (ಫೇಸಿಗೆ ಎರಡು ‘ಮೂಸ್’ ತಂತಿ) ಲೈನ್, ಕಿಲೋಮೀಟರಿಗೆ ಸುಮಾರು 0.33 ಓಮ್, ಒಟ್ಟು 66 ಓಮ್. 600 ಮೆಗಾವ್ಯಾಟ್ ಹರಿಯುತ್ತಿದ್ದರೆ 600 × 66 ÷ 1,60,000 = 0.2475, ಕೋನ 14.3 ಡಿಗ್ರಿ. ಪರದೆ 14 ಅಥವಾ 15 ಎಂದರೆ ಸರಿ. 17 ಎಂದರೆ ಎಲ್ಲೋ ಕೋರ್, ಗಡಿಯಾರ ಅಥವಾ ಲೆಕ್ಕಕ್ಕೆ ಹಿಡಿದ ರಿಯಾಕ್ಟೆನ್ಸ್ ತಪ್ಪಾಗಿದೆ. ಲೋಡ್ ಕಡಿಮೆಯಿರುವ ರಾತ್ರಿಯಲ್ಲೊಮ್ಮೆ, ಸಂಜೆಯ ಪೀಕ್‌ನಲ್ಲೊಮ್ಮೆ ನೋಡಿ: ಎರಡೂ ಹೊತ್ತಿನಲ್ಲಿ ಅಷ್ಟೇ ಡಿಗ್ರಿ ಹೆಚ್ಚಿದ್ದರೆ ವೈರಿಂಗ್ ಅಥವಾ ಸಮಯ, ಲೋಡಿನೊಂದಿಗೆ ಬೆಳೆಯುತ್ತಿದ್ದರೆ ನೀವು ಹಿಡಿದ ರಿಯಾಕ್ಟೆನ್ಸ್ ತಪ್ಪು.

ಹಂತ 5: ಸಂಪರ್ಕ ಮತ್ತು ಪಿಡಿಸಿ

8 ಫೇಸರ್ ಕಳಿಸುವ ಒಂದು ಫ್ರೇಮ್ ಸುಮಾರು 92 ಬೈಟ್, ನೆಟ್‌ವರ್ಕ್ ಹೊದಿಕೆ ಸೇರಿ 150. ಸೆಕೆಂಡಿಗೆ 25 ಎಂದರೆ 30 ಕಿಲೋಬಿಟ್. ಲಿಂಕಿಗೆ ಇದೇನೂ ಹೊರೆಯಲ್ಲ, ಹೊರೆ ಸಂಗ್ರಹಕ್ಕೆ: ಒಂದು ಪಿಎಂಯುಗೆ ದಿನಕ್ಕೆ ಸುಮಾರು 200 ಎಂಬಿ, ನೂರು ಪಿಎಂಯುಗೆ ವರ್ಷಕ್ಕೆ ಏಳು ಟಿಬಿ ದಾಟುತ್ತದೆ.

ಆದೇಶಗಳು ಟಿಸಿಪಿಯಲ್ಲಿ (ಕಳೆದುಹೋದದ್ದನ್ನು ಮತ್ತೆ ಕಳಿಸುವ ವಿಧಾನ), ದತ್ತಾಂಶ ಯುಡಿಪಿಯಲ್ಲಿ (ಮತ್ತೆ ಕಳಿಸದ ವಿಧಾನ) ಹೋಗಲಿ. ಪೂರ್ತಿ ಟಿಸಿಪಿ ಇಟ್ಟರೆ ಲಿಂಕ್ ತಡವರಿಸಿದಾಗ ಹಳೆಯ ಫ್ರೇಮ್‌ಗಳೆಲ್ಲ ಸಾಲುಗಟ್ಟಿ ಒಟ್ಟಿಗೆ ಬಂದು, ಹೊಸದನ್ನು ಕಾಯಿಸುತ್ತವೆ. ಪಿಡಿಸಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಊಹೆಯಿಂದ ಇಡಬೇಡಿ. ಒಂದು ವಾರ ಎಲ್ಲ ಪಿಎಂಯುಗಳ ತಡವನ್ನು ದಾಖಲಿಸಿ, ಸಾವಿರಕ್ಕೆ ಒಂದೆರಡು ಫ್ರೇಮ್ ಮಾತ್ರ ಹೊರಗುಳಿಯುವ ಹಂತಕ್ಕೆ ಇಡಿ. ಓಪನ್‌ಪಿಡಿಸಿ ಉಚಿತವಾಗಿ ಸಿಗುತ್ತದೆ, ಕಲಿಯಲು ಧಾರಾಳ ಸಾಕು. ಫ್ರೇಮ್ ಬಿಚ್ಚಿ ನೋಡಲು ವೈರ್‌ಶಾರ್ಕ್ ಇದೆ. ಸಿ37.118ಕ್ಕೆ ತನ್ನದೇ ಆದ ಗೂಢಲಿಪಿ ರಕ್ಷಣೆ ಇಲ್ಲವಾದ್ದರಿಂದ ಅದನ್ನು ತೆರೆದ ಇಂಟರ್‌ನೆಟ್ಟಿಗೆ ಬಿಡಬಾರದು.

ಪ್ರತಿ ಫ್ರೇಮ್‌ನಲ್ಲಿ ಸ್ಟೇಟಸ್ ಎಂಬ 16 ಬಿಟ್ ಇದೆ. ಬಿಟ್ 13 ಒಂದು ಎಂದರೆ ಗಡಿಯಾರದ ಲಾಕ್ ತಪ್ಪಿದೆ; ಬಿಟ್ 10 ಎಂದರೆ ಕಾನ್ಫಿಗರೇಷನ್ ಬದಲಾಗಿದೆ. ಯಾರೋ ಚಾನೆಲ್ ಸೇರಿಸಿ, ಪಿಡಿಸಿ ಹಳೆಯ ಪಟ್ಟಿಯನ್ನೇ ಹಿಡಿದಿದ್ದರೆ ಕರೆಂಟ್ ವೋಲ್ಟೇಜಿನ ಜಾಗದಲ್ಲಿ ಬಂದು ಕೂರುತ್ತದೆ. ಸ್ಟೇಟಸ್ ಕೆಟ್ಟ ಫ್ರೇಮನ್ನು ಲೆಕ್ಕಕ್ಕೆ ಬಿಡಬೇಡಿ. ಅಳಿಸಲೂ ಬೇಡಿ, ಗುರುತು ಹಾಕಿ ಇಡಿ.

ಹಂತ 6: ಕೋನ ಓದುವುದು

ಒಂಟಿ ಕೋನಕ್ಕೆ ಅರ್ಥವಿಲ್ಲ. ಫ್ರೀಕ್ವೆನ್ಸಿ 49.95 ಇದ್ದರೆ ಪ್ರತಿ ಬಸ್‌ಬಾರ್‌ನ ಕೋನವೂ ಸೆಕೆಂಡಿಗೆ 18 ಡಿಗ್ರಿ ಹಿಂದಕ್ಕೆ ಸುತ್ತುತ್ತಲೇ ಇರುತ್ತದೆ. ಒಂದು ಗಟ್ಟಿ ಬಸ್‌ಬಾರನ್ನು ಆಧಾರವಾಗಿಟ್ಟು ಅಂತರ ತೆಗೆಯಿರಿ. ಅದರ ಪಿಎಂಯು ನಿಂತರೆ ಇಡೀ ಪರದೆ ಕುರುಡಾಗುವುದರಿಂದ ಎರಡನೇ ಆಧಾರವನ್ನೂ ಸಿದ್ಧವಾಗಿಡಿ. ಕಳೆಯುವಾಗ 179ರಿಂದ ಮೈನಸ್ 179 ಕಳೆದರೆ 358 ಬರುತ್ತದೆ. ನಿಜವಾದ ಉತ್ತರ ಮೈನಸ್ 2. ಈ ಮಡಿಕೆ ಬಿಡಿಸದ ಪ್ರೋಗ್ರಾಂ ನಡುರಾತ್ರಿ ಸುಳ್ಳು ಅಲಾರಂ ಬಾರಿಸುತ್ತದೆ.

ಅಲಾರಂ ಮಿತಿಯನ್ನು ಪುಸ್ತಕದಿಂದ ಎತ್ತಿ ಹಾಕಬೇಡಿ. ಒಂದು ತಿಂಗಳ ದತ್ತಾಂಶದಿಂದ ಪ್ರತಿ ಜೋಡಿಗೂ ಸಹಜ ವ್ಯಾಪ್ತಿ ಕಂಡುಹಿಡಿದು, ನೂರರಲ್ಲಿ ತೊಂಬತ್ತೊಂಬತ್ತು ಪಾಲು ಹೊತ್ತು ಯಾವ ಅಂಕಿಯ ಒಳಗಿರುತ್ತದೋ ಅದನ್ನು ಮೊದಲ ಎಚ್ಚರಿಕೆಗೆ ಇಡಿ. ಮಳೆಗಾಲದಲ್ಲಿ ಶರಾವತಿ ಕಣಿವೆಯ ಜಲವಿದ್ಯುತ್ ತುಂಬಿ ಬರುವಾಗಿನ ಕೋನಗಳೇ ಬೇರೆ, ಬೇಸಿಗೆಯ ಮಧ್ಯಾಹ್ನ ಪಾವಗಡದ ಸೌರ ವಿದ್ಯುತ್ ಹರಿಯುವಾಗಿನವೇ ಬೇರೆ; ಋತುವಿಗೊಮ್ಮೆ ಮಿತಿ ತಿದ್ದಬೇಕು. ಮೇಲಿನ ಗಡಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಯೋಜನಾ ಮಾನದಂಡ ಸಿಗುತ್ತದೆ: ಒಂದು ಲೈನ್ ಹೋದ ಮೇಲೂ ಪಕ್ಕಪಕ್ಕದ ಬಸ್‌ಬಾರ್‌ಗಳ ನಡುವೆ ಸಾಧ್ಯವಾದಷ್ಟೂ 30 ಡಿಗ್ರಿ ಮೀರಬಾರದು. ಮೇಲಿನ ಉದಾಹರಣೆಯಲ್ಲಿ ಜೋಡಿ ಲೈನಿನಲ್ಲಿ ಒಂದು ಟ್ರಿಪ್ ಆಗಿ 1,200 ಮೆಗಾವ್ಯಾಟ್ ಅಷ್ಟೂ ಉಳಿದ ಒಂದರ ಮೇಲೇ ಬಿದ್ದರೆ ಕೋನ 29.7ಕ್ಕೆ ಜಿಗಿಯುತ್ತದೆ. ಒಟ್ಟು ಮೆಗಾವ್ಯಾಟ್ ಅಷ್ಟೇ ಇದ್ದರೂ ಕೋನ ದುಪ್ಪಟ್ಟು. ಸ್ಕಾಡಾದಲ್ಲಿ ಒಟ್ಟು ಹರಿವನ್ನಷ್ಟೇ ನೋಡುವವರಿಗೆ ಈ ಬಿಗಿತ ಕಾಣುವುದಿಲ್ಲ.

ಒಡಿಶಾದಿಂದ ಬರುವ ತಾಲ್ಚೇರ್–ಕೋಲಾರ ಎಚ್‌ವಿಡಿಸಿ (ಅಧಿಕ ವೋಲ್ಟೇಜ್ ಡಿಸಿ) ಲೈನಿನ ಒಂದು ಪೋಲ್ ಟ್ರಿಪ್ ಆಯಿತೆನ್ನಿ. 2014ಕ್ಕೆ ಮೊದಲಾಗಿದ್ದರೆ ದಕ್ಷಿಣದ ಫ್ರೀಕ್ವೆನ್ಸಿ ಕುಸಿಯುತ್ತಿತ್ತು. ಈಗ ಎರಡೂ ತುದಿ ಒಂದೇ ಎಸಿ ಜಾಲದಲ್ಲಿರುವುದರಿಂದ ಉತ್ಪಾದನೆ ಹೋಗುವುದಿಲ್ಲ, ವಿದ್ಯುತ್ ಎಸಿ ಲೈನ್‌ಗಳಿಗೆ ಹೊರಳುತ್ತದೆ. ಫ್ರೀಕ್ವೆನ್ಸಿ ಗೆರೆ ಹೆಚ್ಚು ಅಲುಗದು, ಪೂರ್ವ ಮತ್ತು ದಕ್ಷಿಣದ ನಡುವಿನ ಕೋನ ಮಾತ್ರ ಸಟ್ಟನೆ ಹಿಗ್ಗುತ್ತದೆ.

ಹಂತ 7: ತೂಗಾಟ

0.1ರಿಂದ 0.8 ಹರ್ಟ್ಸ್ ಸುಮಾರಿನ ತೂಗಾಟ ಪ್ರದೇಶ ಪ್ರದೇಶಗಳ ನಡುವಿನದು. 1ರಿಂದ 2 ಹರ್ಟ್ಸ್ ಸುಮಾರಿನದು ಒಂದು ಉತ್ಪಾದನಾ ಕೇಂದ್ರ ಉಳಿದ ಗ್ರಿಡ್ ವಿರುದ್ಧ ಜೀಕುವುದು. ಟ್ರಿಪ್ ಆದ ಮೇಲೆ ಲೈನಿನ ಮೆಗಾವ್ಯಾಟ್ ಗೆರೆಯಲ್ಲಿ ಸತತ ಶಿಖರಗಳನ್ನು ಅಳೆಯಿರಿ. ಮೊದಲ ಶಿಖರ 40 ಮೆಗಾವ್ಯಾಟ್, ಮುಂದಿನದು 32 ಎಂದರೆ ಅವುಗಳ ಅನುಪಾತದ ಸ್ವಾಭಾವಿಕ ಲಾಗ್ 0.223, ಅದನ್ನು 6.28ರಿಂದ ಭಾಗಿಸಿದರೆ 0.0355, ಅಂದರೆ ಡ್ಯಾಂಪಿಂಗ್ (ತೂಗಾಟ ತಗ್ಗುವ ಪ್ರಮಾಣ) ಮೂರೂವರೆ ಪ್ರತಿಶತ. 5ರ ಮೇಲಿದ್ದರೆ ನೆಮ್ಮದಿ, 3ರ ಕೆಳಗಿದ್ದರೆ ಆಪರೇಟರ್‌ಗೆ ಫೋನ್. ಪ್ರೋನಿ ವಿಧಾನ ಮಾಡುವುದೂ ಇದನ್ನೇ, ಹಲವು ತೂಗಾಟಗಳು ಬೆರೆತಿದ್ದರೂ ಬಿಡಿಸಿ ಕೊಡುತ್ತದೆ. ಟ್ರಿಪ್ ಏನೂ ಇಲ್ಲದ ಹೊತ್ತಿನಲ್ಲಿ ಲೋಡಿನ ಸಣ್ಣ ಗದ್ದಲದಿಂದಲೇ ಅಂದಾಜು ಮಾಡುವುದಾದರೆ 10–15 ನಿಮಿಷದ ಕಿಟಕಿ (ಒಟ್ಟಿಗೆ ನೋಡುವ ದತ್ತಾಂಶದ ಅವಧಿ) ಬೇಕು.

ಒಂದೇ ಆವರ್ತನದಲ್ಲಿ ಎರಡು ಗುಂಪು ಸ್ಟೇಷನ್‌ಗಳು 180 ಡಿಗ್ರಿ ವಿರುದ್ಧವಾಗಿ ಆಡುತ್ತಿದ್ದರೆ ಅದು ಪ್ರದೇಶಗಳ ನಡುವಿನ ಸಹಜ ತೂಗಾಟ. ಎರಡರ ನಡುವಿನ ಹರಿವು ಇಳಿಸುವುದು ಆ ಹೊತ್ತಿನ ಮದ್ದು, ಜನರೇಟರ್‌ಗಳ ಪಿಎಸ್‌ಎಸ್ (ತೂಗಾಟ ತಗ್ಗಿಸುವ ಪವರ್ ಸಿಸ್ಟಂ ಸ್ಟೆಬಿಲೈಸರ್) ಚಾಲ್ತಿಯಲ್ಲಿದೆಯೇ ಎಂದು ನೋಡುವುದು ನಂತರದ್ದು. ಹಿಗ್ಗದೆ ಕುಗ್ಗದೆ ಗಂಟೆಗಟ್ಟಲೆ ಒಂದೇ ಎತ್ತರದಲ್ಲಿ ನಡೆದರೆ ಯಾವುದೋ ಯಂತ್ರ ತಳ್ಳುತ್ತಿದೆ, ಟರ್ಬೈನ್ ವೇಗ ಹಿಡಿಯುವ ಗವರ್ನರ್ ಜೋಲಿ ಹೊಡೆಯುತ್ತಿರಬಹುದು. ಆಗ ಪಿಎಸ್‌ಎಸ್ ತಿದ್ದುತ್ತ ಕೂರುವುದು ವ್ಯರ್ಥ. ಮೂಲ ಹುಡುಕಿ ನಿಲ್ಲಿಸಬೇಕು.

ಸೆಕೆಂಡಿಗೆ 25 ಫ್ರೇಮ್ ಕಾಣಿಸುವುದು ಹೆಚ್ಚೆಂದರೆ 12.5 ಹರ್ಟ್ಸ್‌ವರೆಗೆ. ಇನ್ವರ್ಟರ್‌ಗಳ ನಡುವೆ ಹುಟ್ಟುವ 20 ಹರ್ಟ್ಸ್ ತೂಗಾಟ, ಫಿಲ್ಟರ್ ದುರ್ಬಲವಾಗಿದ್ದರೆ, 5 ಹರ್ಟ್ಸ್ ವೇಷ ಹಾಕಿಕೊಂಡು ಬರುತ್ತದೆ. 2,050 ಮೆಗಾವ್ಯಾಟ್‌ನ ಪಾವಗಡದಂಥ ಸೌರ ಪಾರ್ಕ್ ಬಳಿ ಪಿಎಂಯು ಜೊತೆಗೆ ಅಲೆಯ ಪೂರ್ತಿ ಆಕಾರ ಹಿಡಿಯುವ ಡಿಸ್ಟರ್ಬೆನ್ಸ್ ರೆಕಾರ್ಡರ್ ಇರಲೇಬೇಕು.

ಹಂತ 8: ಫ್ರೀಕ್ವೆನ್ಸಿ ಇಳಿಯುವ ವೇಗ

1,50,000 ಮೆಗಾವ್ಯಾಟ್ ಓಡುತ್ತಿರುವ ಗ್ರಿಡ್‌ನಲ್ಲಿ ಸರಾಸರಿ ಇನರ್ಷಿಯಾ (ತಿರುಗುವ ಯಂತ್ರಗಳ ಜಡತ್ವ) 4 ಸೆಕೆಂಡ್ ಎಂದುಕೊಂಡರೆ, 1,000 ಮೆಗಾವ್ಯಾಟ್ ಉತ್ಪಾದನೆ ಹೋದಾಗ ಫ್ರೀಕ್ವೆನ್ಸಿ ಮೊದಲಿಗೆ ಇಳಿಯುವುದು ಸೆಕೆಂಡಿಗೆ 0.042 ಹರ್ಟ್ಸ್. ಪರದೆಯಲ್ಲಿ ಸೆಕೆಂಡಿಗೆ 2 ಹರ್ಟ್ಸ್ ಕಂಡರೆ ಬಹುಮಟ್ಟಿಗೆ ಅದು ಹತ್ತಿರದ ಫಾಲ್ಟ್‌ನಿಂದ ಕೋನ ಜಿಗಿದದ್ದು. ಆ ಜಿಗಿತವನ್ನು ಫ್ರೀಕ್ವೆನ್ಸಿ ಎಂದು ತಪ್ಪು ತಿಳಿದರೆ ಏನಾಗುತ್ತದೆ ಎಂಬುದಕ್ಕೆ 2016ರ ಆಗಸ್ಟ್ 16ರ ಕ್ಯಾಲಿಫೋರ್ನಿಯಾ ಸಾಕ್ಷಿ. ಬ್ಲೂ ಕಟ್ ಕಾಳ್ಗಿಚ್ಚಿನಿಂದ ಲೈನ್ ಫಾಲ್ಟ್ ಆಗಿ ಸುಮಾರು 1,200 ಮೆಗಾವ್ಯಾಟ್ ಸೌರ ಉತ್ಪಾದನೆ ಹೋಯಿತು. ಅದರಲ್ಲಿ ದೊಡ್ಡ ಪಾಲು ಇನ್ವರ್ಟರ್‌ಗಳು ಫ್ರೀಕ್ವೆನ್ಸಿಯನ್ನು ತಪ್ಪಾಗಿ ಲೆಕ್ಕಹಾಕಿ ತಾವೇ ಹೊರಬಿದ್ದವು. ಆದ್ದರಿಂದ ಈ ವೇಗವನ್ನು ಒಂದೊಂದು ಫ್ರೇಮ್‌ನಿಂದ ತೆಗೆಯದೆ, ಅರ್ಧ ಸೆಕೆಂಡಿನ ಕಿಟಕಿಯಲ್ಲಿ, ಹಲವು ಸ್ಟೇಷನ್‌ಗಳ ಸರಾಸರಿಯಿಂದ ತೆಗೆಯಿರಿ.

ಎರಡು ಗುಂಪುಗಳ ಫ್ರೀಕ್ವೆನ್ಸಿ ಬೇರೆಬೇರೆಯಾಗಿ ಉಳಿದು, ಅವುಗಳ ನಡುವಿನ ಕೋನ ನಿಲ್ಲದೆ ಸುತ್ತತೊಡಗಿದರೆ ಗ್ರಿಡ್ ಒಡೆದಿದೆ ಎಂದೇ ಅರ್ಥ. ಆ ಹೊತ್ತಿಗೆ ಮತ್ತೇನೂ ಮಾಡಲಾಗದಿದ್ದರೂ ಒಂದು ಕೆಲಸ ಮಾಡಿ: ಪಿಡಿಸಿಯ ಸುತ್ತುಬಫರ್ ಹಳೆಯದರ ಮೇಲೆ ಹೊಸದನ್ನು ಬರೆಯುವ ಮೊದಲು, ಘಟನೆಗೆ ಹತ್ತು ನಿಮಿಷ ಹಿಂದಿನಿಂದ ಅರ್ಧ ಗಂಟೆ ನಂತರದವರೆಗಿನ ಕಚ್ಚಾ ದತ್ತಾಂಶವನ್ನು ಸ್ಟೇಟಸ್ ಬಿಟ್‌ಗಳ ಸಮೇತ ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಯಾವ ಲೈನ್ ಮೊದಲು ಬಿತ್ತು ಎಂದು ಸ್ಟೇಷನ್ ಸ್ಟೇಷನ್‌ಗಳ ನಡುವೆ ವಾದ ಹತ್ತಿದಾಗ ಎಲ್ಲರ ಮುಂದೆ ಇಡಲು ಆಗುವುದು ಅದನ್ನೇ.